12 ಜಿಬಿಯೋ, 8 ಜಿಬಿಯೋ? ಗ್ರಾಫಿಕ್ಸ್ ಕಾರ್ಡಿನ ಅಂಕಿ ಓದುವ ಬಗೆ

2024ರ ಜುಲೈ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಮಳೆ ಹಿಡಿದುಕೊಂಡಿತ್ತು. ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಅಣ್ಣನ ಮಗ ವಾಟ್ಸಾಪ್‌ನಲ್ಲಿ ಎರಡು ಗ್ರಾಫಿಕ್ಸ್ ಕಾರ್ಡುಗಳ ಫೋಟೊ ಕಳಿಸಿದ. ಕಂಪ್ಯೂಟರಿನ ಪರದೆಯ ಮೇಲೆ ಚಿತ್ರ ಮೂಡಿಸುವ ಭಾಗ ಅದು. ಒಂದು ಆರ್‌ಟಿಎಕ್ಸ್ 3060, ಇನ್ನೊಂದು ಆರ್‌ಟಿಎಕ್ಸ್ 4060. ಕೆಳಗೆ ಬರೆದಿದ್ದ: "ಅತ್ತೆ, ಹಳೇದಕ್ಕೆ 12 ಜಿಬಿ ಇದೆ, ಹೊಸದಕ್ಕೆ 8 ಜಿಬಿ. ಬೆಲೆ ಹತ್ತಿರ ಹತ್ತಿರ ಒಂದೇ. ಯಾವುದು ತಗೊಳ್ಳಲಿ?"

ನಾನು ತಕ್ಷಣ ಉತ್ತರ ಕೊಡಲಿಲ್ಲ. ಹೆಸರು ಹೇಳಿಬಿಟ್ಟರೆ ಅವನು ಕೊಂಡುಕೊಳ್ಳುತ್ತಾನೆ, ಆದರೆ ಮುಂದಿನ ಸಲ ಮತ್ತೆ ಕೇಳಬೇಕಾಗುತ್ತದೆ. "ಒಂದು ನೋಟ್‌ಬುಕ್ ತಗೋ, ರಾತ್ರಿ ಫೋನ್ ಮಾಡು" ಅಂದೆ. ಆ ರಾತ್ರಿ ಒಂದೂವರೆ ಗಂಟೆ ಮಾತಾಡಿದೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಗ್ರಾಫಿಕ್ಸ್ ಕಾರ್ಡಿನ ಬಗ್ಗೆ ಏನೂ ಗೊತ್ತಿಲ್ಲದವರೂ ಓದಬಹುದು.

ನನಗೆ ಈ ವಿಷಯದಲ್ಲಿ ಇಷ್ಟು ಕಾಳಜಿ ಯಾಕೆ ಅಂತ ಹೇಳಿಬಿಡುತ್ತೇನೆ. ಮನೆ ಕಟ್ಟುವವರಿಗೆ, ಫ್ಲ್ಯಾಟ್ ಸಿಂಗರಿಸುವವರಿಗೆ ಒಳಗಿನ 3ಡಿ ಚಿತ್ರ ಮಾಡಿಕೊಡುವುದು ನನ್ನ ಕೆಲಸ. ಅದಕ್ಕೆ ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್ ಬಳಸುತ್ತೇನೆ. 2016ರಲ್ಲಿ ಮೊದಲ ಕಾರ್ಡ್ ಕೊಳ್ಳಲು ಮುಂಬೈಯ ಕಂಪ್ಯೂಟರ್ ಸಾಮಾನಿನ ಬಜಾರು ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಕಾರ್ಕಳದಿಂದ ಮುಂಬೈಗೆ ಬಂದು ಮೂರು ವರ್ಷ ಆಗಿತ್ತು. ಅಂಗಡಿಯವರು ಎರಡು ಬಾಕ್ಸ್ ಇಟ್ಟರು. ಒಂದರ ಮೇಲೆ 4 ಜಿಬಿ ಎಂದು ದೊಡ್ಡದಾಗಿ ಬರೆದಿತ್ತು. ಇನ್ನೊಂದು 2 ಜಿಬಿಯದು, ಅದಕ್ಕೇ ಬೆಲೆ ಜಾಸ್ತಿ. ನಾಲ್ಕು ಎರಡಕ್ಕಿಂತ ದೊಡ್ಡದು ಅಲ್ವಾ? ನಾಲ್ಕನ್ನೇ ತಂದೆ. ಮನೆಗೆ ಬಂದು ಹಾಕಿದರೆ ರೆಂಡರ್, ಅಂದರೆ ಕೊನೆಯ ಚಿತ್ರ ಮೂಡಿಸುವ ಕೆಲಸ, ಮೊದಲಿಗಿಂತ ಬೇಗ ಆಗಲೇ ಇಲ್ಲ. ಅದರಲ್ಲಿದ್ದದ್ದು ಹಳೆಯ, ನಿಧಾನದ ಡಿಡಿಆರ್3 ಮೆಮೊರಿ. ಬಾಕ್ಸಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದೇ ಇತ್ತು. ಓದಿದ್ದೆ, ಆದರೆ ಅರ್ಥ ಗೊತ್ತಿರಲಿಲ್ಲ. ಆ ತಿಂಗಳ ದುಡಿಮೆಯ ದೊಡ್ಡ ಪಾಲು ಹೋಯಿತು. ನೀರಿಗಿಳಿದ ಎಮ್ಮೆಗೆ ಬೆಲೆ ಕಟ್ಟಿದ ಹಾಗೆ ಆಗಿತ್ತು ನನ್ನ ವ್ಯಾಪಾರ. ಇನ್ನೊಬ್ಬರಿಗೆ ಹಾಗೆ ಆಗಬಾರದು.

ಮೊದಲು ನಿಮ್ಮ ಕೆಲಸ, ನಿಮ್ಮ ಮಾನಿಟರ್

ಕಂಪನಿಯ ತಾಣದಲ್ಲಿ ಕಾರ್ಡಿನ ಪುಟ ತೆರೆಯುವ ಮುಂಚೆ ನೋಟ್‌ಬುಕ್ಕಿನ ಮೊದಲ ಸಾಲಲ್ಲಿ ಎರಡು ವಿಷಯ ಬರೆಯಿರಿ. ಏನು ಕೆಲಸಕ್ಕೆ ಬೇಕು? ಮಾನಿಟರ್ ಯಾವುದು?

ಮಾನಿಟರಿನ ಲೆಕ್ಕ ಸುಲಭ. ಫುಲ್ ಎಚ್‌ಡಿ ಅಂದರೆ ಅಡ್ಡ 1920, ಉದ್ದ 1080. ಗುಣಿಸಿದರೆ ಸುಮಾರು 20.7 ಲಕ್ಷ ಚುಕ್ಕೆ. 1440ಪಿ ಮಾನಿಟರಿನಲ್ಲಿ 36.9 ಲಕ್ಷ. 4ಕೆಯಲ್ಲಿ 82.9 ಲಕ್ಷ, ಅಂದರೆ ಫುಲ್ ಎಚ್‌ಡಿಯ ಸರಿಯಾಗಿ ನಾಲ್ಕು ಪಟ್ಟು. ಕಾರ್ಡ್ ಇಷ್ಟೂ ಚುಕ್ಕೆಗಳ ಬಣ್ಣವನ್ನು ಸೆಕೆಂಡಿಗೆ 60 ಸಲ ಲೆಕ್ಕ ಹಾಕಬೇಕು. ಮಾನಿಟರ್ 144 ಹರ್ಟ್ಸ್‌ನದಾಗಿದ್ದು ಅದರ ಪೂರ್ತಿ ಪ್ರಯೋಜನ ಬೇಕೆಂದರೆ 144 ಸಲ. 60 ಸಲಕ್ಕೆ ಒಂದು ಚಿತ್ರಕ್ಕೆ ಸಿಗುವ ಸಮಯ 16.7 ಮಿಲಿಸೆಕೆಂಡ್. 144ಕ್ಕೆ 7 ಮಿಲಿಸೆಕೆಂಡೂ ಇಲ್ಲ. 60 ಹರ್ಟ್ಸ್‌ನ ಫುಲ್ ಎಚ್‌ಡಿ ಮಾನಿಟರ್ ಇಟ್ಟುಕೊಂಡು 4ಕೆ ಆಟಕ್ಕೆ ಮಾಡಿದ ಕಾರ್ಡ್ ತಂದರೆ ದುಡ್ಡು ಸುಮ್ನೆ ಕೂತಿರುತ್ತದೆ.

ಅಣ್ಣನ ಮಗನ ಮಾನಿಟರ್ ಫುಲ್ ಎಚ್‌ಡಿ, 75 ಹರ್ಟ್ಸ್. ಕೆಲಸ? "ಆಟ" ಅಂದ. ಇನ್ನೂ ಸ್ವಲ್ಪ ಕೇಳಿದಾಗ ಕೊನೇ ವರ್ಷದ ಪ್ರಾಜೆಕ್ಟಿಗೆ ಭಾಷಾ ಮಾದರಿಯೊಂದನ್ನು (ಪ್ರಶ್ನೆಗೆ ಉತ್ತರ ಬರೆಯುವ ಎಐ ಪ್ರೋಗ್ರಾಮ್) ತನ್ನ ಕಂಪ್ಯೂಟರಿನಲ್ಲೇ ಓಡಿಸಬೇಕು ಎಂದ. ಈ ಎರಡನೇ ಮಾತು ಮುಂದೆ ದೊಡ್ಡದಾಗುತ್ತದೆ, ನೆನಪಿರಲಿ.

ಹೆಸರಲ್ಲಿ ಏನಿದೆ

ಚಿಪ್ ಮಾಡಿಸುವ ಕಂಪನಿ ಬೇರೆ, ಕಾರ್ಡ್ ಮಾಡುವ ಕಂಪನಿ ಬೇರೆ. ಎನ್ವಿಡಿಯಾ, ಎಎಂಡಿ, ಇಂಟೆಲ್ ಚಿಪ್ಪಿನವರು. ಏಸಸ್, ಎಂಎಸ್‌ಐ, ಗಿಗಾಬೈಟ್, ಜೋಟಾಕ್ ಇವರೆಲ್ಲ ಆ ಚಿಪ್ ತಂದು ಫ್ಯಾನ್ ಕೂರಿಸಿ ಬಾಕ್ಸಿಗೆ ಹಾಕುವವರು. ಹಾಗಾಗಿ ಆರು ಬಾಕ್ಸಿನ ಮೇಲೆ ಆರು ಬಣ್ಣವಿದ್ದರೂ ಒಳಗಿನ 4060 ಒಂದೇ. ಹೆಸರಿನ ಕೊನೆಗೆ ಓಸಿ ಅಂತಿದ್ದರೆ ಚಿಪ್ ಓಡುವ ವೇಗ ಒಂದಿಷ್ಟು ಏರಿಸಿದ್ದಾರೆ ಅಂತ. ಆ ವ್ಯತ್ಯಾಸ ಬಹಳ ಸಣ್ಣದು. ಅದಕ್ಕಾಗಿ ಸಾವಿರಾರು ರೂಪಾಯಿ ಹೆಚ್ಚು ಕೊಡಬೇಡಿ. ಫ್ಯಾನಿನ ಸದ್ದು ಕಡಿಮೆ, ಬಿಸಿ ಕಡಿಮೆ ಎಂದು ಪರೀಕ್ಷಿಸಿದವರು ಹೇಳಿದ್ದರೆ ಆಗ ಕೊಡಬಹುದು.

4060 ಎಂಬುದನ್ನು ಎರಡು ಭಾಗ ಮಾಡಿ ಓದಿ. 40 ಅಂದರೆ ತಲೆಮಾರು, 60 ಅಂದರೆ ಆ ತಲೆಮಾರಿನಲ್ಲಿ ಅದರ ಸ್ಥಾನ. 3060 ಬಂದದ್ದು 2021ರಲ್ಲಿ, 4060 ಬಂದದ್ದು 2023ರಲ್ಲಿ, 5060 ಬಂದದ್ದು 2025ರಲ್ಲಿ. ಟಿಐ ಅಂತ ಸೇರಿದ್ದರೆ ಅರ್ಧ ಮೆಟ್ಟಿಲು ಮೇಲೆ. ಎಎಂಡಿಯಲ್ಲಿ ಆರ್‌ಎಕ್ಸ್ 7600 ಅಂದರೆ 7000ದ ತಲೆಮಾರು, 600ರ ಸ್ಥಾನ. ತಲೆಮಾರು ಹೊಸದಾದ ಮಾತ್ರಕ್ಕೆ ಸ್ಥಾನ ಮೇಲಾಗುವುದಿಲ್ಲ. ಹಳೆಯ 3080ರ ಮುಂದೆ ಹೊಸ 4060 ನಿಲ್ಲುವುದಿಲ್ಲ.

ಒಂದೇ ಹೆಸರಿನಲ್ಲಿ ಎರಡು ಬೇರೆ ಕಾರ್ಡ್ ಇರುವುದುಂಟು. ಇಲ್ಲಿ ಕಣ್ಣು ಪೂರ್ತಿ ತೆರೆದಿರಬೇಕು. ಜಿಟಿ 1030 ಎಂಬ ಸಣ್ಣ ಕಾರ್ಡ್ 2017ರಲ್ಲಿ ಜಿಡಿಡಿಆರ್5 ಮೆಮೊರಿಯೊಂದಿಗೆ ಬಂತು. ಮರುವರ್ಷ ಅದೇ ಹೆಸರಲ್ಲಿ ಡಿಡಿಆರ್4 ಹಾಕಿದ್ದು ಬಂತು. ಎರಡಕ್ಕೂ 2 ಜಿಬಿ. ಆದರೆ ಮೊದಲನೆಯದು ಸೆಕೆಂಡಿಗೆ 48 ಜಿಬಿ ಸಾಗಿಸುತ್ತದೆ, ಎರಡನೆಯದು 16.8 ಜಿಬಿ. ಮೂರನೇ ಒಂದು ಪಾಲು! 3060ದಲ್ಲೂ ಹಾಗೆ. 12 ಜಿಬಿಯದು 192 ಬಿಟ್, ಆಮೇಲೆ ಬಂದ 8 ಜಿಬಿಯದು 128 ಬಿಟ್ (ಈ ಬಿಟ್ ಏನೆಂದು ಮುಂದೆ ಹೇಳುತ್ತೇನೆ). ಜಿಟಿಎಕ್ಸ್ 1060ರ 3 ಜಿಬಿ ಕಾರ್ಡಿನಲ್ಲಿ ಲೆಕ್ಕ ಮಾಡುವ ಕೋರುಗಳೇ ಕಡಿಮೆ, 1280ರ ಬದಲು 1152. ಬಾಕ್ಸಿನ ಮೇಲೆ ಮೆಮೊರಿ ಒಂದೇ ಬೇರೆ ಎಂದು ಕಾಣುತ್ತದೆ. ಲ್ಯಾಪ್‌ಟಾಪಿನ 3060 ಇನ್ನೂ ಬೇರೆ, ಅದಕ್ಕೆ 6 ಜಿಬಿ ಮಾತ್ರ. ಹೆಸರು ನೋಡಿ ನಂಬಬೇಡಿ, ಕೆಳಗಿನ ಸಾಲು ಓದಿ.

ಕೋರು: ತರಕಾರಿ ಹೆಚ್ಚುವ ಕೈಗಳು

ನಮ್ಮ ಊರಲ್ಲಿ ಮದುವೆಯ ಹಿಂದಿನ ರಾತ್ರಿ ನೆರೆಹೊರೆಯವರೆಲ್ಲ ತರಕಾರಿ ಹೆಚ್ಚಲು ಬರುತ್ತಾರೆ. ಅಡುಗೆ ಭಟ್ಟರು ಒಬ್ಬರೇ. ಯಾವುದಕ್ಕೆ ಎಷ್ಟು ಉಪ್ಪು, ಯಾವಾಗ ಒಗ್ಗರಣೆ ಎಂಬ ಜಾಣತನವೆಲ್ಲ ಅವರದು. ಆದರೆ ನಾನೂರು ಜನರಿಗೆ ಬೇಕಾಗುವ ಸೌತೆಕಾಯಿ ಅವರೊಬ್ಬರಿಂದ ಹೆಚ್ಚಲು ಆಗುವುದಿಲ್ಲ. ಅದಕ್ಕೆ ನಲವತ್ತು ಕೈ ಬೇಕು. ಕಂಪ್ಯೂಟರಿನ ಪ್ರೊಸೆಸರ್ ಭಟ್ಟರು. ಗ್ರಾಫಿಕ್ಸ್ ಕಾರ್ಡಿನ ಕೋರುಗಳು ಆ ನಲವತ್ತು ಕೈ. ಒಂದೊಂದು ಕೈಯೂ ಸರಳ ಕೆಲಸವನ್ನೇ ಮಾಡುತ್ತದೆ, ಆದರೆ ಎಲ್ಲವೂ ಒಟ್ಟಿಗೆ ಮಾಡುತ್ತವೆ.

3060ದಲ್ಲಿ 3584 ಕೋರು. 4060ದಲ್ಲಿ 3072. "ಹಳೇದೇ ಜಾಸ್ತಿ!" ಎಂದ ಹುಡುಗ. ತಡಿ ಅಂದೆ. ಕೈಗಳ ಲೆಕ್ಕದ ಜೊತೆ ಚಾಕುವಿನ ವೇಗ ನೋಡಬೇಕು. 3060 ಓಡುವುದು 1.78 ಗಿಗಾಹರ್ಟ್ಸ್‌ನಲ್ಲಿ, 4060 ಓಡುವುದು 2.46ರಲ್ಲಿ. ಕೋರಿನ ಸಂಖ್ಯೆಯನ್ನು ವೇಗದಿಂದ ಗುಣಿಸಿ, ಎರಡರಿಂದ ಗುಣಿಸಿ. ಒಂದು ಬೀಟಿಗೆ ಒಂದು ಕೋರು ಎರಡು ಲೆಕ್ಕ ಮಾಡುತ್ತದೆ, ಅದಕ್ಕೇ ಆ ಎರಡು. ಬಂದದ್ದನ್ನು ಸಾವಿರದಿಂದ ಭಾಗಿಸಿದರೆ ಟೆರಾಫ್ಲಾಪ್ಸ್, ಅಂದರೆ ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕ ಎಂಬುದು. ಹಳೆಯದಕ್ಕೆ ಸುಮಾರು 12.8, ಹೊಸದಕ್ಕೆ 15.1. ಆಟದಲ್ಲಿ ಹೊಸದೇ ಮುಂದೆ.

ಈ ಟೆರಾಫ್ಲಾಪ್ಸ್ ಲೆಕ್ಕ ಕಲಿತ ಖುಷಿಯಲ್ಲಿ ಎಲ್ಲ ಕಾರ್ಡುಗಳನ್ನೂ ಇದರಿಂದಲೇ ಅಳೆಯಲು ಹೋಗಬೇಡಿ. ಆರ್‌ಟಿಎಕ್ಸ್ 2080 ಟಿಐಗೆ 4352 ಕೋರು, 13.4 ಟೆರಾಫ್ಲಾಪ್ಸ್. 3070ಗೆ 5888 ಕೋರು, 20.3 ಟೆರಾಫ್ಲಾಪ್ಸ್. ಕಾಗದದ ಮೇಲೆ ಎರಡನೆಯದು ಒಂದೂವರೆ ಪಟ್ಟು. ಆಟದಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಕಾರಣ, 3000ದ ತಲೆಮಾರಿನಲ್ಲಿ ಕೋರು ಎಣಿಸುವ ರೀತಿಯೇ ಬದಲಾಯಿತು. ಎಎಂಡಿ, ಇಂಟೆಲ್ ಕೋರುಗಳ ರಚನೆ ಇನ್ನೂ ಬೇರೆ. ಆರ್‌ಎಕ್ಸ್ 7600ದಲ್ಲಿ 2048 ಇದೆ ಎಂದು 3072ರ ಪಕ್ಕ ಇಟ್ಟು ನೋಡಿದರೆ ಏನೂ ತಿಳಿಯುವುದಿಲ್ಲ. ಒಂದೇ ಕಂಪನಿ, ಒಂದೇ ತಲೆಮಾರು ಇದ್ದಾಗ ಮಾತ್ರ ಕೋರಿನ ಸಂಖ್ಯೆ ನೇರವಾಗಿ ಹೋಲಿಸಿ.

ಮೆಮೊರಿ: ಅಡುಗೆಮನೆಯ ಕಟ್ಟೆ

ಡೊಂಬಿವಲಿಯ ಒಂದು ಬೆಡ್‌ರೂಮಿನ ಮನೆಯಲ್ಲಿ ಅಡುಗೆ ಮಾಡಿದವರಿಗೆ ಇದನ್ನು ವಿವರಿಸುವುದೇ ಬೇಡ. ಕಟ್ಟೆ ಮೂರು ಅಡಿ. ಒಲೆ, ಮಿಕ್ಸಿ, ನೀರಿನ ಫಿಲ್ಟರ್ ಇಟ್ಟ ಮೇಲೆ ಉಳಿಯುವುದು ಒಂದು ತಟ್ಟೆಯಷ್ಟು ಜಾಗ. ಹೆಚ್ಚಿದ ತರಕಾರಿ, ರುಬ್ಬಿದ ಮಸಾಲೆ, ತೊಳೆದ ಅಕ್ಕಿ ಎಲ್ಲ ಕೈಗೆಟುಕುವಂತೆ ಕಟ್ಟೆಯ ಮೇಲಿದ್ದರೆ ಅಡುಗೆ ಸರಾಗ. ಜಾಗ ಮುಗಿದರೆ ಅರ್ಧ ಸಾಮಾನು ಪಕ್ಕದ ಕೋಣೆಯಾದ ಹಾಲಿನ ಟೇಬಲ್ಲಿಗೆ ಹೋಗುತ್ತದೆ. ಆಮೇಲೆ ಪ್ರತಿ ಪಾತ್ರೆಗೂ ಓಡಾಟ.

ಕಾರ್ಡಿನ ವಿಡಿಯೊ ಮೆಮೊರಿ ಈ ಕಟ್ಟೆ. ಕಂಪ್ಯೂಟರಿನ ರ್‍ಯಾಮ್ ಹಾಲಿನ ಟೇಬಲ್. 8 ಜಿಬಿ ತುಂಬುವ ತನಕ ಕಾರ್ಡ್ ಚೆನ್ನಾಗಿ ಓಡುತ್ತದೆ. ತುಂಬಿದ ಕ್ಷಣದಿಂದ ಆಟ ತಡವರಿಸುತ್ತದೆ, ಗೋಡೆಗಳ ಚಿತ್ರ ಮಸುಕಾಗಿ ಬರುತ್ತದೆ. ರೆಂಡರ್ ಆದರೆ ಬಹಳ ನಿಧಾನವಾಗುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ. ಇನ್ನೊಂದು ಕಡೆಯಿಂದ ನೋಡಿ: ನಿಮ್ಮ ಕೆಲಸಕ್ಕೆ 5 ಜಿಬಿ ಸಾಕಾದರೆ 8ರ ಕಾರ್ಡಿಗೂ 12ರ ಕಾರ್ಡಿಗೂ ಜಾಗದ ದೃಷ್ಟಿಯಿಂದ ವ್ಯತ್ಯಾಸವೇ ಇಲ್ಲ. ಖಾಲಿ ಕಟ್ಟೆ ಅಡುಗೆಯನ್ನು ಬೇಗ ಮಾಡಿಸುವುದಿಲ್ಲ.

ಎಷ್ಟು ಬೇಕು ಎಂದು ತಿಳಿಯಲು ಸ್ವಲ್ಪ ಗುಣಾಕಾರ ಸಾಕು. ನನ್ನ ಕೆಲಸದಿಂದಲೇ ಹೇಳುತ್ತೇನೆ. ಸೋಫಾದ ಬಟ್ಟೆಗೆ 4ಕೆ ಚಿತ್ರ ಹಾಕುತ್ತೇನೆ. ಅಡ್ಡ 4096, ಉದ್ದ 4096 ಚುಕ್ಕೆ. ಚುಕ್ಕೆಗೆ 4 ಬೈಟ್. ಒಟ್ಟು 64 ಎಂಬಿ. ಬಟ್ಟೆ ನಿಜದಂತೆ ಕಾಣಬೇಕಾದರೆ ಬಣ್ಣಕ್ಕೊಂದು, ಹೊಳಪಿಗೊಂದು, ಉಬ್ಬುತಗ್ಗಿಗೊಂದು, ಹೀಗೆ ಮೂರು ಚಿತ್ರ. ಒಂದು ಸೋಫಾಕ್ಕೆ 192 ಎಂಬಿ ಆಯಿತು. ಪರದೆ, ಕಾರ್ಪೆಟ್, ಮರದ ನೆಲ, ಗೋಡೆಯ ಕಲ್ಲು, ಹಾಸಿಗೆ... ಠಾಣೆಯ ಒಂದು ಫ್ಲ್ಯಾಟಿನ ಹಾಲಿನಲ್ಲಿ ಇಂಥ ಮೂವತ್ತು ವಸ್ತು ಇಟ್ಟೆ. ಬಟ್ಟೆ ಮತ್ತು ಮರಕ್ಕೇ 5.6 ಜಿಬಿ ದಾಟಿತು. ಆಕಾರಗಳ ಲೆಕ್ಕ ಇನ್ನೂ ಸೇರಿಸಿಲ್ಲ. 6 ಜಿಬಿ ಕಾರ್ಡಿನಲ್ಲಿ ರೆಂಡರ್ ಮಧ್ಯದಲ್ಲೇ ನಿಂತಿತು. ದೂರದ ವಸ್ತುಗಳ ಚಿತ್ರವನ್ನು 2ಕೆಗೆ ಇಳಿಸಿದೆ. 64 ಎಂಬಿ ಇದ್ದದ್ದು 16 ಆಗುತ್ತದೆ, ಕಣ್ಣಿಗೆ ಗೊತ್ತೂ ಆಗುವುದಿಲ್ಲ. ಕಾರ್ಡ್ ಬದಲಿಸುವ ಮೊದಲು ಈ ದಾರಿ ನೋಡಿ. ಆಟಗಳಲ್ಲಿ ಚಿತ್ರಗಳನ್ನು ಕುಗ್ಗಿಸಿ ಇಟ್ಟಿರುವುದರಿಂದ ಇಷ್ಟು ಜಾಗ ತಿನ್ನುವುದಿಲ್ಲ.

ಈಗ ಹುಡುಗನ ಪ್ರಾಜೆಕ್ಟ್. ಅವನು ಓಡಿಸಬೇಕಿದ್ದ ಭಾಷಾ ಮಾದರಿಯಲ್ಲಿ 700 ಕೋಟಿ ಪ್ಯಾರಾಮೀಟರ್, ಅಂದರೆ ಅದು ಕಲಿತು ಇಟ್ಟುಕೊಂಡ ಅಂಕಿಗಳು. ಒಂದೊಂದಕ್ಕೆ 2 ಬೈಟ್ ಇಟ್ಟರೆ 14 ಜಿಬಿ, ಎರಡೂ ಕಾರ್ಡಿನಲ್ಲಿ ಹಿಡಿಸದು. ಕುಗ್ಗಿಸಿ 1 ಬೈಟ್ ಮಾಡಿದರೆ 7 ಜಿಬಿ. ಅದರ ಮೇಲೆ ಲೆಕ್ಕ ನಡೆಸಲು ಒಂದಿಷ್ಟು, ಮಾನಿಟರಿಗೆ ಒಂದಿಷ್ಟು. 8 ಜಿಬಿಯಲ್ಲಿ ಉಸಿರು ಕಟ್ಟುತ್ತದೆ. 12ರಲ್ಲಿ ಆರಾಮ. ಅರ್ಧ ಬೈಟಿಗೆ ಇಳಿಸಿದರೆ 3.5 ಜಿಬಿ, 8ರಲ್ಲೂ ಸಾಕು, ಆದರೆ ಉತ್ತರದ ಗುಣ ಸ್ವಲ್ಪ ಇಳಿಯುತ್ತದೆ.

ಈಗಾಗಲೇ ಯಾವುದಾದರೂ ಕಾರ್ಡ್ ಇದ್ದರೆ ಊಹೆ ಮಾಡಬೇಕಿಲ್ಲ. ವಿಂಡೋಸಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಪರ್ಫಾರ್ಮೆನ್ಸ್ ಒತ್ತಿ, ಜಿಪಿಯು ಆರಿಸಿ. ಆಟ ಆಡುತ್ತ, ಕೆಲಸ ಮಾಡುತ್ತ ಡೆಡಿಕೇಟೆಡ್ ಮೆಮೊರಿ ಎಷ್ಟಕ್ಕೆ ಏರುತ್ತದೆ ನೋಡಿ ಬರೆದಿಡಿ. ಒಂದು ವಾರ ನೋಡಿದರೆ ನಿಮ್ಮ ಕಟ್ಟೆಯ ಅಳತೆ ನಿಮಗೇ ಗೊತ್ತಾಗುತ್ತದೆ.

ಬಸ್ ಮತ್ತು ಬ್ಯಾಂಡ್‌ವಿಡ್ತ್: ಹಳಿ ಎಷ್ಟು, ಗಾಡಿಯ ವೇಗ ಎಷ್ಟು

ನನ್ನನ್ನು 2016ರಲ್ಲಿ ಕೆಡವಿದ ಸಾಲು ಇದೇ. ಬೆಳಿಗ್ಗೆ ಎಂಟೂವರೆಗೆ ಡೊಂಬಿವಲಿ ಸ್ಟೇಷನ್ನಿನಲ್ಲಿ ನಿಂತು ನೋಡಿ. ಜನ ಎಷ್ಟು ಬೇಗ ದಾದರ್ ಮುಟ್ಟುತ್ತಾರೆ ಎಂಬುದು ಎರಡರ ಮೇಲೆ ನಿಂತಿದೆ. ಹಳಿ ಎಷ್ಟಿವೆ? ಗಾಡಿ ಎಷ್ಟು ವೇಗವಾಗಿ ಹೋಗುತ್ತದೆ? ಬಸ್ ವಿಡ್ತ್ ಎಂದು ಬರೆದಿರುತ್ತದಲ್ಲ, 64 ಬಿಟ್, 128 ಬಿಟ್, 192 ಬಿಟ್, ಅದು ಹಳಿಗಳ ಸಂಖ್ಯೆ. ಜಿಡಿಡಿಆರ್6 ಮುಂತಾದ ಹೆಸರಿನ ಪಕ್ಕದಲ್ಲಿ 15 ಜಿಬಿಪಿಎಸ್, 17 ಜಿಬಿಪಿಎಸ್ ಎಂದಿರುವುದು ಗಾಡಿಯ ವೇಗ.

ಬಿಟ್ ಸಂಖ್ಯೆಯನ್ನು 8ರಿಂದ ಭಾಗಿಸಿ, ವೇಗದಿಂದ ಗುಣಿಸಿ. ಬಂದದ್ದೇ ಬ್ಯಾಂಡ್‌ವಿಡ್ತ್, ಸೆಕೆಂಡಿಗೆ ಎಷ್ಟು ಜಿಬಿ ಸಾಗುತ್ತದೆ ಎಂಬುದು. ಅಷ್ಟೇ. 3060ಕ್ಕೆ 192 ಭಾಗಿಸು 8, ಅಂದರೆ 24. 24 ಗುಣಿಸು 15, ಅಂದರೆ ಸೆಕೆಂಡಿಗೆ 360 ಜಿಬಿ. 4060ಕ್ಕೆ 128 ಭಾಗಿಸು 8, 16. ಗುಣಿಸು 17, 272 ಜಿಬಿ. ನನ್ನ ಆ 4 ಜಿಬಿಯ ಡಿಡಿಆರ್3 ಕಾರ್ಡಿನದು 64 ಬಿಟ್, 1.8 ಜಿಬಿಪಿಎಸ್. ಲೆಕ್ಕ ಮಾಡಿ, 14.4 ಜಿಬಿ. ಪಕ್ಕದಲ್ಲಿದ್ದ 2 ಜಿಬಿಯ ಬಾಕ್ಸ್ ಜಿಟಿಎಕ್ಸ್ 750 ಟಿಐ. ಅದರದು 86.4 ಜಿಬಿ, ಸರಿಯಾಗಿ ಆರು ಪಟ್ಟು. ಈ ಗುಣಾಕಾರ ಆವತ್ತು ಗೊತ್ತಿದ್ದಿದ್ದರೆ ಅಂಗಡಿಯಲ್ಲೇ ನಿಂತು ಮಾಡುತ್ತಿದ್ದೆ.

"ಹಾಗಾದರೆ 4060ರ ಹಳಿ ಕಡಿಮೆ, ಆದರೂ ಆಟದಲ್ಲಿ ಅದೇ ಮುಂದೆ, ಹೇಗೆ ಅತ್ತೆ?" ಸರಿಯಾಗಿಯೇ ಹಿಡಿದ. ಉತ್ತರ ಒಗ್ಗರಣೆ ಡಬ್ಬಿಯಲ್ಲಿದೆ. ಸಾಸಿವೆ, ಜೀರಿಗೆ, ಮೆಣಸು ಒಲೆಯ ಪಕ್ಕದ ಡಬ್ಬಿಯಲ್ಲೇ ಇದ್ದರೆ ಕಟ್ಟೆಯ ಆ ತುದಿಗೂ ಕೈ ಚಾಚಬೇಕಿಲ್ಲ. ಚಿಪ್ಪಿನ ಒಳಗಿನ ಕ್ಯಾಶ್ ಅಂಥ ಡಬ್ಬಿ. 3060ದಲ್ಲಿ ಎಲ್2 ಕ್ಯಾಶ್ 3 ಎಂಬಿ. 4060ದಲ್ಲಿ 24 ಎಂಬಿ. ಎಎಂಡಿ ತನ್ನ ಆರ್‌ಎಕ್ಸ್ 6600ರಲ್ಲಿ 32 ಎಂಬಿಯ ಇಂಥದೇ ಡಬ್ಬಿ ಇಟ್ಟು ಇನ್ಫಿನಿಟಿ ಕ್ಯಾಶ್ ಎಂದು ಕರೆಯುತ್ತದೆ. ಆದ್ದರಿಂದ ಬ್ಯಾಂಡ್‌ವಿಡ್ತ್ ಹೋಲಿಸುವಾಗ ಪಕ್ಕದಲ್ಲೇ ಕ್ಯಾಶ್ ಎಷ್ಟು ಎಂದೂ ಬರೆದುಕೊಳ್ಳಿ. ಮಾನಿಟರ್ 4ಕೆಗೆ ಏರಿದಾಗ ಡಬ್ಬಿ ಸಾಲದಾಗುತ್ತದೆ, ಹಳಿಗಳು ಮತ್ತೆ ಮುಖ್ಯವಾಗುತ್ತವೆ.

ಆಮೇಲೆ ಬಂದ ಕಾರ್ಡುಗಳಿಗೂ ಇದೇ ಲೆಕ್ಕ. 5060ರದು 128 ಬಿಟ್ಟೇ, ಆದರೆ ಜಿಡಿಡಿಆರ್7, 28 ಜಿಬಿಪಿಎಸ್. 448 ಜಿಬಿ ಆಯಿತು. ಮೆಮೊರಿ ಮಾತ್ರ 8 ಜಿಬಿಯಲ್ಲೇ ನಿಂತಿದೆ. ಇಂಟೆಲ್‌ನ ಆರ್ಕ್ ಬಿ580ಯದು 192 ಬಿಟ್, 19 ಜಿಬಿಪಿಎಸ್, 12 ಜಿಬಿ. ಗುಣಿಸಿ ನೋಡಿ, 456 ಬರಬೇಕು.

ವ್ಯಾಟ್, ಎಸ್‌ಎಂಪಿಎಸ್, ಕ್ಯಾಬಿನೆಟ್

3060 ತಿನ್ನುವುದು 170 ವ್ಯಾಟ್, 4060 ತಿನ್ನುವುದು 115. ವ್ಯತ್ಯಾಸ 55. ದಿನಕ್ಕೆ 6 ಗಂಟೆ ಪೂರ್ತಿ ಜೋರಾಗಿ ಓಡಿಸಿದರೆ ತಿಂಗಳಿಗೆ ಸುಮಾರು 10 ಯೂನಿಟ್. ನಿಮ್ಮ ಬಿಲ್ಲಿನಲ್ಲಿ ಯೂನಿಟ್ಟಿಗೆ ಎಷ್ಟು ಎಂದು ನೋಡಿ ಗುಣಿಸಿ. ನನಗೆ ಬಿಲ್ಲಿಗಿಂತ ಬಿಸಿಯದೇ ಚಿಂತೆ. ಮೇ ತಿಂಗಳಲ್ಲಿ ಎಸಿ ಇಲ್ಲದ ಸಣ್ಣ ಕೋಣೆಯಲ್ಲಿ ಆ 55 ವ್ಯಾಟ್ ಮೈಗೆ ಗೊತ್ತಾಗುತ್ತದೆ.

ಮದರ್‌ಬೋರ್ಡಿನ ಸ್ಲಾಟಿನಿಂದ ಕಾರ್ಡಿಗೆ 75 ವ್ಯಾಟ್ ಸಿಗುತ್ತದೆ. 6 ಪಿನ್ ವೈರಿನಿಂದ ಇನ್ನೂ 75, 8 ಪಿನ್ನಿನಿಂದ 150. ಕಂಪ್ಯೂಟರಿಗೆ ವಿದ್ಯುತ್ ಕೊಡುವ ಡಬ್ಬವೇ ಎಸ್‌ಎಂಪಿಎಸ್. ನಿಮ್ಮ ಎಸ್‌ಎಂಪಿಎಸ್‌ನಲ್ಲಿ 8 ಪಿನ್ನಿನ ಪಿಸಿಐಇ ವೈರ್ ಇದೆಯೇ ಎಂದು ಕ್ಯಾಬಿನೆಟ್ ತೆರೆದು ನೋಡಿ. ಪ್ರೊಸೆಸರಿಗೆ ಹೋಗುವ 8 ಪಿನ್ ಬೇರೆ, ಅದನ್ನು ಇಲ್ಲಿ ಹಾಕುವಂತಿಲ್ಲ. ಈ ಎರಡೂ ಕಾರ್ಡಿಗೆ ಎನ್ವಿಡಿಯಾ 550 ವ್ಯಾಟಿನ ಎಸ್‌ಎಂಪಿಎಸ್ ಹೇಳುತ್ತದೆ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ ಹೆಸರಿಲ್ಲದ ಎಸ್‌ಎಂಪಿಎಸ್‌ಗೆ ಮೂವತ್ತು ಸಾವಿರದ ಕಾರ್ಡ್ ಕಟ್ಟಬೇಡಿ, ದಯವಿಟ್ಟು. ಅದು ಸುಡುವಾಗ ಒಂದೇ ಸುಡುವುದಿಲ್ಲ. ಹಾಗೇ ಟೇಪ್ ಹಿಡಿದು ಕ್ಯಾಬಿನೆಟ್ಟಿನ ಒಳಗೆ ಉದ್ದ ಅಳೆಯಿರಿ. ಕಾರ್ಡಿನ ಉದ್ದ ಮಿಲಿಮೀಟರಿನಲ್ಲಿ ಪುಟದಲ್ಲೇ ಇರುತ್ತದೆ.

ಮದರ್‌ಬೋರ್ಡ್ ಹಳೆಯದಾದರೆ ಇನ್ನೊಂದು ಮಾತು. ಕಾರ್ಡಿನ ಪುಟದಲ್ಲಿ ಪಿಸಿಐಇ 4.0 ಎಕ್ಸ್16, ಎಕ್ಸ್8, ಎಕ್ಸ್4 ಎಂದು ಇರುತ್ತದೆ. ಪಿಸಿಐಇ ಅಂದರೆ ಕಾರ್ಡ್ ಕೂರುವ ಸ್ಲಾಟಿನ ಬಗೆ, ಎಕ್ಸ್ ಮುಂದಿನ ಅಂಕಿ ದಾರಿಗಳ ಸಂಖ್ಯೆ. 3060 ಎಕ್ಸ್16, 4060 ಎಕ್ಸ್8. ಹುಡುಗನ ಬಿ450 ಬೋರ್ಡಿನ ಸ್ಲಾಟ್ ಪಿಸಿಐಇ 3.0. ಅದರಲ್ಲಿ ಒಂದೊಂದು ದಾರಿಯ ವೇಗ ಅರ್ಧ. ಮೆಮೊರಿ ತುಂಬದಿದ್ದರೆ ಎಕ್ಸ್8ಕ್ಕೆ ಇದರಿಂದ ದೊಡ್ಡ ನಷ್ಟವಿಲ್ಲ. ಆದರೆ ಆರ್‌ಎಕ್ಸ್ 6500 ಎಕ್ಸ್‌ಟಿಯಂಥ ಕಾರ್ಡಿಗೆ 4 ಜಿಬಿ, 64 ಬಿಟ್, ಮೇಲೆ ಎಕ್ಸ್4. ಕಟ್ಟೆಯೂ ಸಣ್ಣದು, ಹಾಲಿಗೆ ಹೋಗುವ ಬಾಗಿಲೂ ಸಣ್ಣದು. ಹಳೆಯ ಬೋರ್ಡಿನವರು ಅದನ್ನು ತರಬೇಡಿ. ಇಂಟೆಲ್ ಆರ್ಕ್ ತರುವುದಿದ್ದರೆ ಬೋರ್ಡಿನಲ್ಲಿ ರಿಸೈಜಬಲ್ ಬಾರ್ (ಕಾರ್ಡಿನ ಮೆಮೊರಿಯನ್ನು ಪೂರ್ತಿಯಾಗಿ ಪ್ರೊಸೆಸರಿಗೆ ತೆರೆದಿಡುವ ಸೌಲಭ್ಯ) ಇರಲೇಬೇಕು.

ಪರೀಕ್ಷೆಯ ಪಟ್ಟಿ ಓದುವಾಗ

ಅಂಕಿಗಳನ್ನು ಓದಿ ಪಟ್ಟಿ ಸಣ್ಣದು ಮಾಡಬಹುದು. ಕೊನೆಯ ತೀರ್ಮಾನಕ್ಕೆ ಯಾರಾದರೂ ನಿಜವಾಗಿ ಓಡಿಸಿ ನೋಡಿದ ಫಲಿತಾಂಶವೇ ಬೇಕು. ನಿಮ್ಮ ಆಟ, ನಿಮ್ಮ ಮಾನಿಟರಿನ ರೆಸಲ್ಯೂಷನ್, ಒಂದೇ ಸೆಟ್ಟಿಂಗ್ ಇರುವ ಪಟ್ಟಿ ಹುಡುಕಿ. ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಸರಾಸರಿಯ ಜೊತೆ 1 ಪರ್ಸೆಂಟ್ ಲೋ ಎಂಬ ಅಂಕಿಯನ್ನೂ ನೋಡಿ. ಅತಿ ನಿಧಾನವಾಗಿ ಬಂದ ನೂರರಲ್ಲೊಂದು ಪಾಲು ಚಿತ್ರಗಳ ವೇಗ ಅದು. ಸರಾಸರಿ 90 ಇದ್ದು ಲೋ 30 ಇದ್ದರೆ ಆಟ ಎಳೆದಾಡುತ್ತದೆ. ಸರಾಸರಿ 75, ಲೋ 60 ಇರುವುದೇ ಆಡಲು ಹಿತ. ಬ್ಲೆಂಡರ್ ಬಳಸುವವರಿಗೆ ಬ್ಲೆಂಡರಿನವರದೇ ಓಪನ್ ಡೇಟಾ ತಾಣವಿದೆ, ಜಗತ್ತಿನ ಎಲ್ಲೆಡೆಯ ಬಳಕೆದಾರರು ತಮ್ಮ ಕಾರ್ಡಿನ ಅಂಕ ಅಲ್ಲಿ ಹಾಕಿರುತ್ತಾರೆ.

ಜಾಹೀರಾತಿನ ಪಟ್ಟಿಯಲ್ಲಿ ಹೊಸ ಕಾರ್ಡ್ ಎರಡು ಪಟ್ಟು, ಮೂರು ಪಟ್ಟು ಎಂದು ಕಂಡರೆ ಕೆಳಗಿನ ಸಣ್ಣ ಅಕ್ಷರ ಓದಿ. ಫ್ರೇಮ್ ಜನರೇಷನ್ ಎಂದಿರುತ್ತದೆ. ಎರಡು ನಿಜವಾದ ಚಿತ್ರಗಳ ನಡುವೆ ಕಾರ್ಡ್ ತಾನೇ ಊಹಿಸಿ ಚಿತ್ರ ತುಂಬುವ ತಂತ್ರ ಅದು. ನೋಡಲು ನುಣುಪಾಗುತ್ತದೆ, ಆದರೆ ಮೌಸ್ ಅಲುಗಿಸಿದ್ದಕ್ಕೆ ಆಟ ಓಗೊಡುವ ವೇಗ ಹೆಚ್ಚುವುದಿಲ್ಲ. ಅದನ್ನು ಬದಿಗಿಟ್ಟ ಅಂಕಿಗಳನ್ನು ಮಾತ್ರ ಪರಸ್ಪರ ಹೋಲಿಸಿ. ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಎಂಬ, ಸಣ್ಣ ಚಿತ್ರವನ್ನು ದೊಡ್ಡದಾಗಿ ಹಿಗ್ಗಿಸುವ ತಂತ್ರಗಳು ಒಳ್ಳೆಯವೇ, ನಾನೂ ಬಳಸುತ್ತೇನೆ. ಆದರೆ ಅವನ್ನು ಕೊನೆಗೆ ಲೆಕ್ಕಕ್ಕೆ ತನ್ನಿ.

ನಿಮ್ಮ ಸಾಫ್ಟ್‌ವೇರ್ ಯಾವ ಕಂಪನಿಯ ಕಾರ್ಡನ್ನು ಚೆನ್ನಾಗಿ ಬಳಸುತ್ತದೆ ಎಂಬುದನ್ನು ಮರೆಯಬೇಡಿ. ಆಟಕ್ಕೆ ಮಾತ್ರವಾದರೆ ಎಎಂಡಿಯಲ್ಲಿ ಅದೇ ದುಡ್ಡಿಗೆ ಎಷ್ಟೋ ಸಲ ಹೆಚ್ಚು ಸಿಗುತ್ತದೆ. ರೆಂಡರಿಗೆ, ಕಾಲೇಜಿನ ಎಐ ಪ್ರಾಜೆಕ್ಟಿಗೆ ಎನ್ವಿಡಿಯಾದ ಕುಡಾ ಎಂಬ ಪ್ರೋಗ್ರಾಮಿಂಗ್ ವ್ಯವಸ್ಥೆಯ ಮೇಲೆ ಬರೆದ ಕೋಡೇ ಜಾಸ್ತಿ. ಹೊಸಬರಿಗೆ ತಲೆನೋವು ಕಡಿಮೆ.

ಲ್ಯಾಮಿಂಗ್ಟನ್ ರೋಡಿನಲ್ಲಿ

ಹುಡುಗ ಒಂದು ಶನಿವಾರ ಬೆಳಗಿನ ರೈಲಿನಲ್ಲಿ ಪುಣೆಯಿಂದ ದಾದರಿಗೆ ಬಂದ. ನಾನು ಡೊಂಬಿವಲಿಯಿಂದ ಹೋದೆ. ಪಶ್ಚಿಮ ಲೈನಿನ ಸ್ಲೋ ಗಾಡಿ ಹಿಡಿದು ಗ್ರ್ಯಾಂಟ್ ರೋಡಿನಲ್ಲಿ ಇಳಿದರೆ ನಡೆದೇ ಹೋಗಬಹುದು. ಭಾನುವಾರ ಹೋಗಬೇಡಿ, ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ.

ನೋಟ್‌ಬುಕ್ಕಿನಲ್ಲಿ ಅಷ್ಟು ಹೊತ್ತಿಗೆ ಎರಡು ಕಾಲಮ್ ತುಂಬಿದ್ದವು. ಆಟಕ್ಕೆ ಮಾತ್ರವಾಗಿದ್ದರೆ ನಾನು 4060 ಎನ್ನುತ್ತಿದ್ದೆ. ವೇಗ ಜಾಸ್ತಿ, ಬಿಸಿ ಕಡಿಮೆ. ಆದರೆ ಅವನ ಮಾನಿಟರ್ 75 ಹರ್ಟ್ಸ್. ಅವನು ಆಡುವ ಆಟಗಳಿಗೆ ಎರಡೂ ಕಾರ್ಡ್ ಅದನ್ನು ದಾಟುತ್ತವೆ. ಪ್ರಾಜೆಕ್ಟಿಗೆ 7 ಜಿಬಿ ಮಾದರಿ ಹಿಡಿಸಲೇಬೇಕು. ಅವನೇ ನೋಟ್‌ಬುಕ್ ನೋಡಿ 3060, 12 ಜಿಬಿ ಎಂದ. ಅವನ ಎಸ್‌ಎಂಪಿಎಸ್ 450 ವ್ಯಾಟಿನದು, ಹಾಗಾಗಿ 550ರದೊಂದು ಹೊಸದು ತೆಗೆದುಕೊಳ್ಳಲು ಕಾರ್ಡಿನ ಬಜೆಟ್ಟಿನಲ್ಲೇ ದುಡ್ಡು ಉಳಿಸಿಕೊಂಡಿದ್ದೆವು.

ಮೂರು ಅಂಗಡಿಯಲ್ಲಿ ಬೆಲೆ ಕೇಳಿದೆವು. ಹೇಳುವ ಬೆಲೆಯಲ್ಲಿ 18 ಪರ್ಸೆಂಟ್ ಜಿಎಸ್‌ಟಿ ಸೇರಿದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಒಬ್ಬರು ಬಿಲ್ ಇಲ್ಲದೆ ಕಡಿಮೆ ಬೆಲೆ ಹೇಳಿದರು. ಬೇಡ ಅಂದೆವು. ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿ, ಅದು ಬಾಕ್ಸಿನದಕ್ಕೂ ಕಾರ್ಡಿನದಕ್ಕೂ ಹೊಂದುತ್ತದೆಯೇ ಎಂದು ಅಲ್ಲೇ ನೋಡಿ. ವಾರಂಟಿ ಇದರ ಮೇಲೆಯೇ ನಿಂತಿರುತ್ತದೆ. ಸೆಕೆಂಡ್ ಹ್ಯಾಂಡ್ ತರುವವರು ಓಡಿಸಿ ತೋರಿಸದೆ ದುಡ್ಡು ಕೊಡಬೇಡಿ. ಎಥೀರಿಯಮ್ ಎಂಬ ಕ್ರಿಪ್ಟೊ ಹಣ 2022ರ ಸೆಪ್ಟೆಂಬರಿನಲ್ಲಿ ಮೈನಿಂಗ್ (ಕಾರ್ಡುಗಳಿಂದ ಲೆಕ್ಕ ಮಾಡಿಸಿ ನಾಣ್ಯ ಗಳಿಸುವುದು) ಬಿಟ್ಟ ಮೇಲೆ ಹಗಲುರಾತ್ರಿ ದುಡಿದ ಕಾರ್ಡುಗಳು ಬಹಳ ಮಾರಾಟಕ್ಕೆ ಬಂದವು. 3060 ಕೂಡ ಅದೇ ಕಾಲದ್ದು.

ಮನೆಗೆ ತಂದು ಹಾಕಿದ ಮೇಲೆ ಮಾನಿಟರಿನ ಕೇಬಲ್ಲನ್ನು ಕಾರ್ಡಿಗೇ ಚುಚ್ಚಿ, ಮದರ್‌ಬೋರ್ಡಿನ ಹಳೆಯ ತೂತಿಗಲ್ಲ. ಡ್ರೈವರ್ ಹಾಕಿ. ಆಮೇಲೆ ಜಿಪಿಯು-ಝಡ್ ಎಂಬ ಉಚಿತ ಪ್ರೋಗ್ರಾಮ್ ತೆರೆಯಿರಿ. ಮೆಮೊರಿಯ ಬಗೆ, ಗಾತ್ರ, ಬಸ್, ಬ್ಯಾಂಡ್‌ವಿಡ್ತ್ ಎಲ್ಲ ಒಂದೇ ಕಿಟಕಿಯಲ್ಲಿ ಕಾಣುತ್ತದೆ. ಬಾಕ್ಸಿನೊಳಗೆ ಬೇರೆ ಕಾರ್ಡ್ ಬಂದಿದ್ದರೆ ಇಲ್ಲಿ ಗೊತ್ತಾಗುತ್ತದೆ.

ರಾತ್ರಿ ಹನ್ನೊಂದಕ್ಕೆ ಪುಣೆಯಿಂದ ಆ ಕಿಟಕಿಯ ಫೋಟೊ ಬಂತು. 12288 ಎಂಬಿ, ಜಿಡಿಡಿಆರ್6, 192 ಬಿಟ್. ಕೆಳಗೆ ನೋಟ್‌ಬುಕ್ಕಿನ ಪುಟದ ಇನ್ನೊಂದು ಫೋಟೊ. 24 ಗುಣಿಸು 15 ಎಂದು ಬರೆದ ಸಾಲಿನ ಪಕ್ಕ ಅವನು ಒಂದು ಗೀಟು ಎಳೆದಿದ್ದ. "ಅತ್ತೆ, 360.0 ಅಂತಲೇ ತೋರಿಸ್ತಿದೆ."